ವಾಲ್ಟರ್ ಸಾಹೇಬರಿಗೆ ತಂಗಳು ತಿಂಡಿ

ಮೊನ್ನೆ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಗೆ ಒಬ್ಬ ಅಮೆರಿಕನ್ ಅತಿಥಿ ತಿಂಡಿಗೆ ಬರುವವರಿದ್ದರು. ಅವರು ಬರಲು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ನಾನು ಫ್ರಿಜ್ ತೆರೆದೆ. ಅವರಿಗೆಂದೇ ಹಿಂದಿನ ದಿನ ಮಧ್ಯಾಹ್ನವಿಡೀ ಒಲೆಯ ಮುಂದೆ ನಿಂತು ಮಾಡಿಟ್ಟ ತಿಂಡಿ ಅಲ್ಲಿರಲಿಲ್ಲ.

ಹಾಲಿತ್ತು. ಮೊಸರಿತ್ತು. ಬುಧವಾರದ ಬಂಗುಡೆ ಸಾರಿತ್ತು. ತಿಂಡಿ ಮಾತ್ರ ಟಿನ್ ಸಮೇತ ಮಾಯವಾಗಿತ್ತು.

"ಮಾಮಿ, ಇಲ್ಲೊಂದು ಉದ್ದದ ಟಿನ್ ಇತ್ತಲ್ಲ?" ಅಂದೆ.

ಮಾಮಿ ಅಂದರೆ ನನ್ನ ಅತ್ತೆ (ತುಳುವರ ಮನೆಯಲ್ಲಿ ಗಂಡನ ತಾಯಿಯನ್ನು ಹೀಗೇ ಕರೆಯುವುದು). ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಕಾಪುವಿನಿಂದ ಮಸ್ಕತ್ತಿಗೆ ಬಂದಿದ್ದಾರೆ. ಅವರು ಕಾವಲಿಯ ಮುಂದೆ ನಿಂತು ನೀರುದೋಸೆ ಎರೆಯುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ.

"ಅದಾ? ಅದನ್ನು ಬೆಳಿಗ್ಗೆಯೇ ಕೆಳಗೆ ವಾಚ್‌ಮನ್‌ಗೆ ಕೊಟ್ಟೆ. ನಿನ್ನೆದ್ದಲ್ಲವಾ ಅದು?"

ನಿನ್ನೆದ್ದೇ ಹೌದು. ನಿನ್ನೆಯದ್ದಾಗಿರುವುದೇ ಆ ತಿಂಡಿಯ ಗುಣ ಎಂದು ಅವರಿಗೆ ಯಾರು ಹೇಳಬೇಕು? (ನಾನೇ ಹೇಳಿದ್ದೆ. ಆ ಕಥೆ ಮುಂದೆ ಬರುತ್ತದೆ.)

ಶುರುವಾದದ್ದು ಇವರ ಬಾಯಿಂದ. ಇವರು ಎಂದರೆ ನನ್ನ ಗಂಡ ಜಯಕರ. ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಇವರ ಕಂಪನಿಯ ಆಫೀಸು, ಅಲ್ಲೇ ಹಿಂದಿನ ಬೀದಿಯಲ್ಲಿ ನಮ್ಮ ಫ್ಲ್ಯಾಟು. ಆಫೀಸಿನಲ್ಲಿ ಇವರಿಗೆ ಮೇಲಿನವರು ವಾಲ್ಟರ್ ಎಂಬವರು. ಅಮೆರಿಕದ ಸಿನ್ಸಿನಾಟಿ ಎಂಬ ಊರಿನವರು, ಐವತ್ತು ದಾಟಿದವರು, ಒಬ್ಬರೇ ಇರುವವರು. ಮೊದಲೆಲ್ಲ ಕಾರಿಡಾರಿನಲ್ಲಿ ಸಿಕ್ಕ ಸಿಕ್ಕವರನ್ನು ನಿಲ್ಲಿಸಿ ಜೋಕು ಹೇಳುತ್ತಿದ್ದರಂತೆ. ಅರ್ಥವಾಗದಿದ್ದರೂ ನಮ್ಮವರೆಲ್ಲ ನಗುತ್ತಿದ್ದರಂತೆ. ಮೇಲಿನವರ ಜೋಕು ಅಲ್ಲವೇ?

ಕಳೆದ ತಿಂಗಳು ಅವರ ತಾಯಿ ತೀರಿಕೊಂಡರು. ಫೋನು ಬಂದಾಗ ವಾಲ್ಟರ್ ಸೊಹಾರ್ ಸೈಟಿನಲ್ಲಿದ್ದರು. ಮಸ್ಕತ್ತಿಗೆ ಓಡಿ ಬಂದು, ಟಿಕೆಟ್ ಹೊಂದಿಸಿ ಹೊರಟರೆ, ದಾರಿಯಲ್ಲಿ ಹಿಮ ಬಿದ್ದು ವಿಮಾನ ಎಲ್ಲೋ ನಿಂತುಬಿಟ್ಟಿತು. ಊರು ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. ವಾಪಸ್ ಬಂದ ಮೇಲೆ ಜೋಕು ನಿಂತಿತು. ಮಧ್ಯಾಹ್ನದ ಊಟಕ್ಕೆ ಎಲ್ಲರ ಜೊತೆ ಕೂರುವುದೂ ನಿಂತಿತು.

ಒಂದು ಸಂಜೆ ಚಹಾ ಕುಡಿಯುತ್ತ ನಮ್ಮವರ ಹತ್ತಿರ ಅವರು ಒಂದೇ ಒಂದು ಮಾತು ಹೇಳಿದರಂತೆ. ಚಳಿಗಾಲದಲ್ಲಿ ಅಮ್ಮ ಗೆಟ್ಟಾ ಎಂಬ ತಿಂಡಿ ಮಾಡುತ್ತಿದ್ದಳು, ಇನ್ನು ಅದನ್ನು ಮಾಡಿಕೊಡುವವರು ಯಾರೂ ಇಲ್ಲ ಎಂದು. ಆಗ ನಮ್ಮ ಯಜಮಾನರು ಎದೆಯುಬ್ಬಿಸಿ ಏನಂದರು ಗೊತ್ತೇ? "ನೋ ಪ್ರಾಬ್ಲಮ್ ಸರ್. ನನ್ನ ಹೆಂಡತಿ ಮಾಡುತ್ತಾಳೆ. ಶುಕ್ರವಾರ ತಿಂಡಿಗೆ ಬನ್ನಿ."

ಹೆಂಡತಿಯನ್ನು ಕೇಳಿದರಾ? ಇಲ್ಲ. ಅದು ಏನು ತಿಂಡಿ ಎಂದಾದರೂ ಕೇಳಿದರಾ? ಅದೂ ಇಲ್ಲ. ಮನೆಗೆ ಬಂದು ಶೂ ಬಿಚ್ಚುತ್ತ, "ಏನೋ ಓಟ್ಸು, ಮಾಂಸ ಎಲ್ಲ ಹಾಕುತ್ತಾರಂತೆ. ನಿನಗದೆಲ್ಲ ಎಂತದು ದೊಡ್ಡದು?" ಅಂದರು. ಹೊಗಳಿದ್ದಾ, ಕೆಲಸ ಹಚ್ಚಿದ್ದಾ ಎಂದು ನನಗೆ ಈಗಲೂ ಗೊತ್ತಾಗಿಲ್ಲ.

ಬೈಯಬೇಕೆಂದುಕೊಂಡೆ. ಆದರೆ ತಾಯಿಯ ಮುಖ ನೋಡಲು ಸಿಗಲಿಲ್ಲ ಎಂಬ ಮಾತು ಕೇಳಿದ ಮೇಲೆ ಬಾಯಿ ಬರಲಿಲ್ಲ. ಗಲ್ಫಿನಲ್ಲಿ ಇರುವವರಿಗೆ ಆ ಭಯ ಹೊಸತಲ್ಲ. ಊರಿಂದ ಹೊತ್ತಲ್ಲದ ಹೊತ್ತಿಗೆ ಫೋನು ಬಂದರೆ ರಿಸೀವರ್ ಎತ್ತಲು ನಮ್ಮ ಮನೆಯಲ್ಲಿ ಇಬ್ಬರೂ ಹಿಂದೆಮುಂದೆ ನೋಡುತ್ತೇವೆ. ನಿಮ್ಮ ಮನೆಯಲ್ಲಿ ಹಾಗಿಲ್ಲವೇ? ಅವರಿಗೆ ಆ ತಿಂಡಿ ತಿನ್ನಿಸಿಯೇ ಸಿದ್ಧ ಎಂದು ನಾನೂ ಹಠ ಹಿಡಿದೆ.

ಮಾಡುವುದು ಹೇಗೆ ಎಂದು ಕೇಳಲು ವಾಲ್ಟರ್ ಅವರಿಗೇ ಫೋನು ಮಾಡಿದೆ. ಆ ಸಂಭಾಷಣೆಯನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಮಾಂಸ ಎಷ್ಟು ಹಾಕಬೇಕು?"

"ಸ್ವಲ್ಪ."

"ಓಟ್ಸ್ ಎಷ್ಟು?"

"ಮಾಂಸ ಕಡಿಮೆಯಿದ್ದರೆ ಜಾಸ್ತಿ."

"ಎಷ್ಟು ಹೊತ್ತು ಬೇಯಬೇಕು?"

"ಅಮ್ಮ ಒಲೆ ಹಚ್ಚಿದಾಗ ನಾನು ಆಡಲು ಹೋಗುತ್ತಿದ್ದೆ. ಆಡಿ ಬಂದಾಗಲೂ ಬೆಂದಿರುತ್ತಿರಲಿಲ್ಲ."

ಗಂಡಸರಿಗೆ ಅಮ್ಮನ ಅಡುಗೆ ಗೊತ್ತಿರುವುದು ತಟ್ಟೆಯ ಈಚೆ ಬದಿಯಿಂದ ಮಾತ್ರ. ಅಮೆರಿಕವಾದರೇನು, ಕಾಪುವಾದರೇನು? ಆದರೂ ಕೆದಕಿ ಕೆದಕಿ ಕೇಳಿದಾಗ ಒಂದಿಷ್ಟು ಹೊರಬಿತ್ತು. ಮಾಂಸವನ್ನು ಈರುಳ್ಳಿ, ಪಲಾವ್ ಎಲೆ, ಕಾಳುಮೆಣಸಿನ ಜೊತೆ ಬೇಯಿಸಿ ಪುಡಿ ಮಾಡಬೇಕು. ಅದೇ ನೀರಿನಲ್ಲಿ ಓಟ್ಸ್ ಬೇಯಿಸಿ ಮಾಂಸ ಸೇರಿಸಬೇಕು. ಮರದ ಸೌಟು ಪಾತ್ರೆಯ ನಡುವೆ ತಾನಾಗಿ ನಿಲ್ಲುವಷ್ಟು ಗಟ್ಟಿಯಾಗಬೇಕು. ಬ್ರೆಡ್ಡಿನ ಟಿನ್ನಿಗೆ ಸುರಿದು ರಾತ್ರಿಯಿಡೀ ತಣ್ಣಗಿಡಬೇಕು. ಮರುದಿನ ತುಂಡು ಮಾಡಿ ಗರಿಗರಿಯಾಗಿ ಕಾಯಿಸಬೇಕು. ಇಷ್ಟೇ.

ಯಾವ ಮಾಂಸ ಎಂದು ಕೇಳಿದೆ. ಹಂದಿ ಅರ್ಧ, ದನ ಅರ್ಧ ಎಂದರು. ಒಂದು ಈ ದೇಶಕ್ಕೆ ಒಗ್ಗದು, ಇನ್ನೊಂದು ನಮ್ಮ ಮನೆಗೆ ಒಗ್ಗದು. "ಮಟನ್ ಆದೀತಾ?" ಎಂದು ಹೆದರುತ್ತಲೇ ಕೇಳಿದೆ.

"ಖಂಡಿತ," ಎಂದರು. "ಜರ್ಮನಿಯಿಂದ ಬಂದ ನಮ್ಮ ಅಜ್ಜಿಯಂದಿರು ಬಡವರು. ಇದ್ದ ಒಂದು ತುಂಡು ಮಾಂಸವನ್ನು ಮನೆತುಂಬ ಮಕ್ಕಳಿಗೆ ಮುಟ್ಟಿಸಲು ಓಟ್ಸ್ ಹಾಕಿದ್ದು. ಯಾವುದು ಸಿಕ್ಕಿತೋ ಅದೇ ಮಾಂಸ."

ಆ ಅಜ್ಜಿಯಂದಿರು ನನಗೆ ತಟ್ಟನೆ ಹತ್ತಿರದವರಾದರು. ಹೇಳದೆ ಕೇಳದೆ ನೆಂಟರು ಬಂದಾಗ ಕೋಳಿ ಸಾರಿಗೆ ನಾವು ಬಟಾಟೆ ಹಾಕುವುದಿಲ್ಲವೇ?

ಸೂಪರ್ ಮಾರ್ಕೆಟಿನಲ್ಲಿ ತಗಡಿನ ಡಬ್ಬದ ಓಟ್ಸ್ ಸಿಕ್ಕಿತು. ಬಿಚ್ಚಿ ನೋಡಿದರೆ ಥೇಟ್ ಅಕ್ಕಿ ನುಚ್ಚು. ಬ್ರೆಡ್ಡಿನ ಟಿನ್ ಇದ್ದದ್ದು ಮೇಲಿನ ಫ್ಲ್ಯಾಟಿನ ಸುಮಿತ್ರಾ ಹತ್ತಿರ. ಅವರು ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ಮೊಟ್ಟೆಯಿಲ್ಲದ ಕೇಕು ಮಾಡುವುದರಲ್ಲಿ ಎತ್ತಿದ ಕೈ. ವಿಷಯ ಮುಚ್ಚಿಡಬಾರದೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಓಟ್ಸ್ ಅಂದ್ರೆ ಕುದುರೆಗೆ ಹಾಕೋದಲ್ವೇನ್ರೀ?" ಎಂದರು.

"ತಿನ್ನುವವರು ಮನುಷ್ಯರೇ, ಪಾಪ. ತಾಯಿ ಹೋಗಿದ್ದಾರೆ" ಎಂದು ವಾಲ್ಟರ್ ಕಥೆ ಹೇಳಿದೆ.

ಸುಮಿತ್ರಾ ಒಳಗೆ ಹೋಗಿ ಟಿನ್ ತಂದು ನನ್ನ ಕೈಗಿಟ್ಟರು. "ತಗೊಂಡ್ಹೋಗಿ. ಚೆನ್ನಾಗಿ ಮಾಡ್ಕೊಡಿ ಪಾಪ. ಆದ್ರೆ ದಯವಿಟ್ಟು ವಾಪಸ್ ಮಾತ್ರ ಕೊಡ್ಬೇಡಿ."

ಗುರುವಾರ ಮಧ್ಯಾಹ್ನ ಒಲೆ ಹಚ್ಚಿದೆ. ಇಲ್ಲಿ ಗುರುವಾರ, ಶುಕ್ರವಾರ ರಜೆ. ಇವರು ಸೋಫಾದಲ್ಲಿ ಮಲಗಿ ಪೇಪರಿನಲ್ಲಿ ಮುಖ ಮುಚ್ಚಿಕೊಂಡಿದ್ದರು. (ಮಾತು ಕೊಟ್ಟವರು ಇವರು. ಮಗುಚುವವಳು ನಾನು.) ಓಟ್ಸ್ ಬೇಯುತ್ತ ಬೇಯುತ್ತ ಕೈ ಸೋತು ಬಂತು. ತಳ ಹಿಡಿಯುವ ವಾಸನೆ ಬಂದದ್ದೇ ತಡ, ಮಾಮಿ ಬಂದು ಸೌಟು ಕಿತ್ತುಕೊಂಡರು.

"ಹಾಲುಬಾಯಿ ಮಗುಚಿ ಗೊತ್ತಿಲ್ಲವಾ ನಿನಗೆ? ಸೌಟನ್ನು ಹೀಗೆ ಅಡಿಗೆ ಕೊಡ್ಬೇಕು. ಆಚೆ ಸರಿ."

ಎಪ್ಪತ್ತರ ಹತ್ತಿರದ ಮಾಮಿಯ ಕೈ ನೋಡಬೇಕಿತ್ತು. ಒಂದೇ ಹದದಲ್ಲಿ, ಒಂದೇ ಲಯದಲ್ಲಿ ಮಗುಚಿದರು. ಮಗುಚುತ್ತ ಮಗುಚುತ್ತ ವಾಲ್ಟರ್ ಪುರಾಣವನ್ನು ಪೂರ್ತಿ ಕೇಳಿಕೊಂಡರು. ತಾಯಿಗೆ ಎಷ್ಟು ವಯಸ್ಸಾಗಿತ್ತು, ಹೆಣ್ಣುಮಕ್ಕಳಿದ್ದರಾ, ಕಡೆಗಾಲದಲ್ಲಿ ಬಾಯಿಗೆ ನೀರು ಬಿಟ್ಟವರು ಯಾರು. ನನಗೆ ಗೊತ್ತಿಲ್ಲದ್ದಕ್ಕೂ ಏನೋ ಒಂದು ಉತ್ತರ ಕೊಟ್ಟೆ. ಕೊನೆಗೆ ಸೌಟು ನಡುವೆ ನೆಟ್ಟಗೆ ನಿಂತಿತು. ಟಿನ್ನಿಗೆ ಸುರಿದು ಮೇಲೆ ತಟ್ಟಿ ಸಪಾಟು ಮಾಡಿದ್ದೂ ಮಾಮಿಯೇ.

"ಯಾವಾಗ ಬರುವುದು ಅವನು?"

"ನಾಳೆ ಬೆಳಿಗ್ಗೆ ಮಾಮಿ. ಇವತ್ತು ಫ್ರಿಜ್‌ನಲ್ಲಿಟ್ಟು ನಾಳೆ ಕಾಯಿಸುವುದು."

ಮಾಮಿ ಕೈ ತೊಳೆಯುತ್ತಿದ್ದವರು ಹಾಗೇ ನಿಂತರು. "ನಾಳೆ ಬರುವವನಿಗೆ ಇವತ್ತಿನದ್ದಾ?"

"ಹಾಗೇ ತಿನ್ನುವುದಂತೆ. ಒಂದು ರಾತ್ರಿ ಇಡದಿದ್ದರೆ ತುಂಡು ಮಾಡಲಿಕ್ಕೆ ಬರುವುದಿಲ್ಲ."

ಮಾಮಿ ಮತ್ತೆ ಮಾತಾಡಲಿಲ್ಲ. ಒಪ್ಪಿದರು ಎಂದುಕೊಂಡೆ. ಅತ್ತೆ ಸುಮ್ಮನಾದರೆ ಒಪ್ಪಿದ ಹಾಗೆ ಎಂದು ತಿಳಿಯುವ ಸೊಸೆ ಇನ್ನೂ ಈ ಭೂಮಿಯ ಮೇಲೆ ಇದ್ದಾಳೆ ನೋಡಿ.

ಇನ್ನು ಶುಕ್ರವಾರಕ್ಕೆ ಬರುತ್ತೇನೆ. ವಾಚ್‌ಮನ್‌ಗೆ ಕೊಟ್ಟೆ ಎಂದು ಮಾಮಿ ಹೇಳಿದಾಗ ನನ್ನ ಮೊದಲ ಯೋಚನೆ ಹೋದದ್ದು ಮಾಂಸದ ಕಡೆಗೆ. ನಮ್ಮ ಕಟ್ಟಡದ ವಾಚ್‌ಮನ್ ಹಂಝ, ಕಾಸರಗೋಡಿನ ಕಡೆಯವನು, ಐದು ಹೊತ್ತು ನಮಾಜು ತಪ್ಪಿಸದವನು. ವಾಲ್ಟರ್ ಹೇಳಿದ ಮೊದಲನೇ ಮಾಂಸವನ್ನೇ ನಾನು ಹಾಕಿದ್ದರೆ? ಮಾಮಿಯನ್ನು ಕೇಳಿಯೇಬಿಟ್ಟೆ.

"ಮಟನ್ ಅಂತ ಗೊತ್ತಿದ್ದೇ ಕೊಟ್ಟದ್ದು ಮಾರಾಯ್ತಿ. ನನಗಷ್ಟು ಬುದ್ಧಿ ಇಲ್ಲವಾ?" ಎಂದರು ಮಾಮಿ.

"ಮಾಮಿ, ಅವರು ಬರುವುದೇ ಅದನ್ನು ತಿನ್ನಲಿಕ್ಕೆ."

"ತಾಯಿ ಹೋಗಿ ತಿಂಗಳಾಗಲಿಲ್ಲ. ಅಂಥವನನ್ನು ಮನೆಗೆ ಕರೆದು ತಂಗಳು ಬಡಿಸುವುದಾ? ಮಲತಾಯಿ ಮಾಡುವ ಕೆಲಸ ಅದು. ನನ್ನ ಕೈಯಿಂದ ಆಗುವುದಿಲ್ಲ."

ಐವತ್ತು ದಾಟಿದ, ಆರಡಿ ಎತ್ತರದ, ತಲೆ ಬೋಳಾದ ವಾಲ್ಟರ್ ಸಾಹೇಬರು ಮಾಮಿಯ ಕಣ್ಣಿಗೆ ತಾಯಿಯಿಲ್ಲದ ಮಗುವಾಗಿ ಕಂಡಿದ್ದರು. ಅದಕ್ಕಾಗಿ ಬೆಳಗಿನ ಜಾವವೇ ಎದ್ದು ಅಕ್ಕಿ ಕಡೆದು, ತೆಂಗಿನಕಾಯಿ ತುರಿದು, ಕೋಳಿ ಸಾರು ಕುದಿಸಿದ್ದರು. ಕೋಳಿ ಎಲ್ಲಿಯದು? ನಮ್ಮ ಫ್ರೀಜರಿನಲ್ಲಿ ಕಲ್ಲಾಗಿ ಮಲಗಿದ್ದದ್ದು, ಯಾವ ದೇಶದಲ್ಲಿ ಯಾವ ಕಾಲದಲ್ಲಿ ಸತ್ತದ್ದೋ ದೇವರಿಗೇ ಗೊತ್ತು. ಮಾಮಿಯ ಪ್ರಕಾರ ಅದು ತಾಜಾ. ನಿನ್ನೆ ಮಾಡಿದ್ದು ತಂಗಳು.

"ಬುಧವಾರದ ಬಂಗುಡೆ ಸಾರನ್ನು ನಿಮ್ಮ ಮಗನಿಗೆ ಇನ್ನೂ ಬಡಿಸುತ್ತಿದ್ದೀರಲ್ಲ?" ಎಂದು ಕೇಳಿದೆ.

"ಅದು ಇಟ್ಟಷ್ಟೂ ರುಚಿ. ಮತ್ತೆ, ಅವನು ಮನೆಯವನಲ್ಲವಾ?"

ಇದು ನಮ್ಮೆಲ್ಲರ ಮನೆಯ ಕಾನೂನು. ಮರುಭೂಮಿಯಲ್ಲಿ ಬದುಕುವ ನಾವು ಫ್ರಿಜ್ಜಿನ ದಯೆಯಿಂದ ಉಣ್ಣುವವರು. ಶುಕ್ರವಾರ ಮೀನು ತಂದರೆ ಮುಂದಿನ ಬುಧವಾರದ ತನಕ ಓಡಿಸುತ್ತೇವೆ. ಆದರೆ ಮನೆಗೆ ಯಾರಾದರೂ ಬಂದರೆ ಫ್ರಿಜ್ ಇರುವುದನ್ನೇ ಮರೆತವರಂತೆ ಬೆಳಿಗ್ಗೆಯಿಂದ ರುಬ್ಬುತ್ತೇವೆ. ಮನೆಯವರಿಗೆ ಹಳತು, ಬಂದವರಿಗೆ ಹೊಸತು. ಸರಿ, ಒಪ್ಪೋಣ. ಹಾಗಾದರೆ ಬಂದವರಿಗೆ ಆಗದ ಹಳತು ಹಂಝನಿಗೆ ಹೇಗೆ ಆಗುತ್ತದೆ? ಈ ಪ್ರಶ್ನೆಯನ್ನು ಮಾಮಿಗೆ ಕೇಳಲು ನನಗೆ ಧೈರ್ಯವಿರಲಿಲ್ಲ. ಕೇಳಿದರೆ ನಾನು ಕೆಲಸದವರಿಗೆ ಕೊಡುವ ಡಬ್ಬಗಳ ವಿಷಯವೂ ಬರುತ್ತಿತ್ತು.

ಇವರು ಸ್ನಾನ ಮುಗಿಸಿ, ಪರಿಮಳ ಹಾಕಿಕೊಂಡು ಬಂದರು. ವಿಷಯ ಕೇಳಿ ಕುರ್ಚಿಯಲ್ಲಿ ಕುಸಿದರು. "ಈಗ ನಾನು ಅವರಿಗೆ ಏನು ಹೇಳಲಿ? ಗೆಟ್ಟಾ ಅಂತ ಹೇಳಿ ಕರೆದದ್ದು. ತಾಯಿ ಹೋದ ಮೇಲೆ ಅವರು ಮೊದಲ ಸಲ ಮುಖ ಎತ್ತಿ ನಕ್ಕದ್ದೇ ಆ ಮಾತಿಗೆ."

"ನೀರುದೋಸೆ ತಿನ್ನಲಿ. ಅದಕ್ಕಿಂತ ಒಳ್ಳೆಯದುಂಟಾ ಲೋಕದಲ್ಲಿ?" ಎಂದರು ಮಾಮಿ. ಆದರೆ ಮಗನ ಮುಖ ನೋಡಿ ಅವರ ಸ್ವರ ಸ್ವಲ್ಪ ಇಳಿದಿತ್ತು.

ಕೆಳಗೆ ಹೋಗಿ ಹಂಝನ ಹತ್ತಿರ ಕೊಟ್ಟದ್ದನ್ನು ವಾಪಸ್ ಕೇಳುವುದು ಹೇಗೆ? ನೀನು ಹೋಗು, ನೀವು ಹೋಗಿ ಎಂದು ನಾವಿಬ್ಬರೂ ವಾದ ಮಾಡಿದೆವು. ಕೊಟ್ಟ ತಿಂಡಿಯನ್ನು ಕಸಿದುಕೊಳ್ಳುವ ಮುಖ ಇಬ್ಬರಿಗೂ ಇರಲಿಲ್ಲ. ವಾದದಲ್ಲೇ ಹೊತ್ತು ಹೋಯಿತು. ವಾಲ್ಟರ್ ಬರುವ ಸಮಯವೂ ಆಯಿತು. ವಾಲ್ಟರ್ ಬರಲಿಲ್ಲ.

ನಿಮಿಷ ನೋಡಿ ಬರುವ ಜನ ಅವರು. ಕಾಲು ಗಂಟೆ ಕಳೆಯಿತು. ನೀರುದೋಸೆ ಆರತೊಡಗಿತು. ಬಾಲ್ಕನಿಯಿಂದ ಬಗ್ಗಿ ನೋಡಿದರೆ ಅವರ ಬಿಳಿ ಜೀಪು ಕೆಳಗೆ ನಿಂತಿದೆ. ಆಳಿಲ್ಲ. ಇವರು ಗಾಬರಿಯಿಂದ ಮೆಟ್ಟಿಲಿಳಿದು ಓಡಿದರು. ಇವರೂ ವಾಪಸ್ ಬರಲಿಲ್ಲ. ನಾನು ಇಳಿದೆ. ನನ್ನ ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಾಮಿಯೂ ಇಳಿದರು.

ಮೆಟ್ಟಿಲಿನ ಕೆಳಗೆ ಹಂಝನ ಕೋಣೆ. ಬಾಗಿಲು ತೆರೆದಿತ್ತು. ಒಳಗೆ ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟವ್, ಅದರ ಮೇಲೊಂದು ಕಪ್ಪು ಕಾವಲಿ. ಮಂಚದ ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ವಾಲ್ಟರ್ ಸಾಹೇಬರು ಕುಳಿತಿದ್ದರು. ತೊಡೆಯ ಮೇಲೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಖುಬ್ಬೂಸ್ ರೊಟ್ಟಿ, ಅದರ ಮೇಲೆ ಅಂಚು ಕರಟಿದ ಗೆಟ್ಟಾ ತುಂಡುಗಳು. ಬಾಗಿಲಲ್ಲಿ ನಮ್ಮವರು ಬಾಯಿ ತೆರೆದು ನಿಂತಿದ್ದರು.

ಆದದ್ದು ಇಷ್ಟು. ವಾಲ್ಟರ್ ಬೇಗ ಬಂದಿದ್ದರು. ಹೇಳಿದ ಸಮಯಕ್ಕಿಂತ ಮೊದಲು ಬೆಲ್ ಒತ್ತುವುದು ಅವರಲ್ಲಿ ಮರ್ಯಾದೆಯಲ್ಲವಂತೆ (ನಮ್ಮಲ್ಲಿ ಬೆಲ್ ಒತ್ತದೆ ಕೆಳಗೆ ನಿಲ್ಲುವುದು ಮರ್ಯಾದೆಯಲ್ಲ). ಜೀಪಿಗೆ ಒರಗಿ ಕಾಯುತ್ತ ನಿಂತರು. ಸಾಹೇಬರು ಬಿಸಿಲಲ್ಲಿ ನಿಂತಿದ್ದಾರೆಂದು ಹಂಝ ಒಳಗೆ ಕರೆದು ಸುಲೈಮಾನಿ ಚಹಾ ಕೊಟ್ಟ. ಒಳಗೆ ಬಂದ ವಾಲ್ಟರ್ ಮೂಗಿಗೆ ಆ ವಾಸನೆ ಹೊಡೆಯಿತು. ಹಂಝ ಆಗಷ್ಟೇ ಮಾಮಿ ಕೊಟ್ಟದ್ದನ್ನು ತುಂಡು ಮಾಡಿ ಕಾವಲಿಗೆ ಹಾಕಿದ್ದ. ನಡುವೆ ಯಾರೋ ಗೇಟಿನ ಹತ್ತಿರ ಹಾರ್ನ್ ಹೊಡೆದರೆಂದು ಓಡಿದ್ದ. ಬರುವಾಗ ಅಂಚು ಕಪ್ಪಾಗಿತ್ತು.

"ಥೋಡಾ ಜಲ್ ಗಯಾ ಮೇಡಂ," ಎಂದು ಹಂಝ ನನ್ನತ್ತ ನೋಡಿ ನಾಚಿದ.

ವಾಲ್ಟರ್ ತಲೆಯೆತ್ತಿದರು. ಅವರ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳುವ ಯೋಚನೆಯೂ ಅವರಿಗಿರಲಿಲ್ಲ. "ಅಮ್ಮ ಯಾವಾಗಲೂ ಅಂಚು ಕರಟಿಸುತ್ತಿದ್ದಳು," ಎಂದರು. "ಒಲೆಯ ಮೇಲಿಟ್ಟು ಪಕ್ಕದ ಮನೆಯವಳ ಜೊತೆ ಮಾತಿಗೆ ನಿಲ್ಲುತ್ತಿದ್ದಳು. ಅಪ್ಪ ದಿನಾ ಬೈಯುತ್ತಿದ್ದ. ಇದು ಅದೇ."

ನಾನು ನಾನ್‌ಸ್ಟಿಕ್ ಕಾವಲಿಯಲ್ಲಿ ಬೆಣ್ಣೆ ಹಾಕಿ, ಬಂಗಾರದ ಬಣ್ಣ ಬರುವಂತೆ ಕಾಯಿಸಬೇಕೆಂದಿದ್ದೆ. ಮೇಲೆ ಕೊತ್ತಂಬರಿ ಸೊಪ್ಪು ಉದುರಿಸುವ ಯೋಚನೆಯೂ ಇತ್ತು. ಅದನ್ನು ತಿಂದು ವಾಲ್ಟರ್ ಚೆನ್ನಾಗಿದೆ ಎನ್ನುತ್ತಿದ್ದರು. ಥ್ಯಾಂಕ್ಯೂ ಎನ್ನುತ್ತಿದ್ದರು. ಅಷ್ಟೇ ಆಗುತ್ತಿತ್ತು.

ಹಂಝನಿಗೆ ಅವರ ತಾಯಿಯ ವಿಷಯ ಆಗಲೇ ಗೊತ್ತಾಗಿತ್ತು. ಯಾವ ಭಾಷೆಯಲ್ಲಿ ಹೇಳಿಕೊಂಡರೋ ನಾ ಕಾಣೆ. ತನ್ನ ಉಮ್ಮ ತೀರಿಕೊಂಡಾಗ ವೀಸಾ ಕೊಟ್ಟ ಅರಬಿ ಯಜಮಾನ, ಅಂದರೆ ಕಫೀಲ್, ಊರಲ್ಲಿರಲಿಲ್ಲ, ಪಾಸ್‌ಪೋರ್ಟು ಅವನ ಹತ್ತಿರವಿತ್ತು, ಹಾಗಾಗಿ ಹೋಗಲೇ ಆಗಲಿಲ್ಲ ಎಂದು ಹಂಝನೂ ಹೇಳಿದನಂತೆ. ಈ ಮೆಟ್ಟಿಲನ್ನು ನಾನು ದಿನಾ ಹತ್ತಿ ಇಳಿಯುತ್ತೇನೆ. ನನಗೆ ಅದು ಗೊತ್ತಿರಲಿಲ್ಲ. ಬೇಸರವಾಯಿತು.

ಮಾಮಿಗೆ ಇಂಗ್ಲಿಷ್ ಬಾರದು. ನಾನು ಕಿವಿಯಲ್ಲಿ ಎಲ್ಲವನ್ನೂ ತುಳುವಿನಲ್ಲಿ ಹೇಳಿದೆ. ಅವರು ಕೋಣೆಯ ಒಳಗೆ ಹೋಗಿ, ಕಾವಲಿಯಲ್ಲಿ ಉಳಿದಿದ್ದ ತುಂಡುಗಳನ್ನು ತಿರುವಿ ಹಾಕಿ, ಇನ್ನೂ ಸ್ವಲ್ಪ ಕರಟಲು ಬಿಟ್ಟು, ಒಂದನ್ನು ವಾಲ್ಟರ್ ತಟ್ಟೆಗೂ ಒಂದನ್ನು ಹಂಝನ ತಟ್ಟೆಗೂ ಹಾಕಿದರು. "ತಿನ್ನು ಮಗಾ," ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಇಬ್ಬರೂ ತಿಂದರು.

ಆಮೇಲೆ ವಾಲ್ಟರ್ ಮೇಲೆ ಬಂದರು. ಹಂಝನನ್ನೂ ಕರೆದೆವು. ಆರಿದ ನೀರುದೋಸೆಯನ್ನು ಕೋಳಿ ಸಾರಿನಲ್ಲಿ ಅದ್ದಿ, ಖಾರಕ್ಕೆ ಮೂಗು ಒರೆಸುತ್ತ ಇಬ್ಬರೂ ತಿಂದರು. ಹೋಗುವಾಗ ವಾಲ್ಟರ್ ಬಾಗಿಲಲ್ಲಿ ನಿಂತು ನಮ್ಮವರಿಗೆ ಒಂದು ಜೋಕು ಹೇಳಿದರು. ಇವರಿಗೆ ಅರ್ಥವಾಗಲಿಲ್ಲ. ಆದರೂ ಮನಸಾರೆ ನಕ್ಕರು.

ಎಲ್ಲ ಮುಗಿದ ಮೇಲೆ ಇವರು ಸೋಫಾದಲ್ಲಿ ಪೇಪರು ಬಿಡಿಸಿದರು. ಮಾಮಿ ಎದುರಿಗೆ ಬಂದು ಕುಳಿತು ಮಗನನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು.

"ಅಲ್ಲ ಜಯಾ, ನಾನು ಹೋದ ಮೇಲೆ ನಿನಗೆ ನನ್ನ ಕೈಯ ಯಾವ ತಿಂಡಿ ಬೇಕು ಅಂತ ಆಗ್ತದೆ?"

ಇವರು ಪೇಪರು ಕೆಳಗಿಟ್ಟರು. "ಎಂತ ಅಮ್ಮ ನೀವು, ಬೇರೆ ಮಾತಿಲ್ಲವಾ?"

"ಹೇಳು. ಈಗಲೇ ಹೇಳಿದರೆ ಇವಳಿಗೆ ಕಲಿಸಿ ಹೋಗಬಹುದು. ಮತ್ತೆ ಪಾಪ, ಯಾರ್ಯಾರಿಗೆ ಫೋನು ಮಾಡ್ತಾಳೆ?"

"ನೀವು ಮಾಡಿದ್ದೆಲ್ಲ ಇಷ್ಟವೇ ಅಮ್ಮ."

"ಎಲ್ಲ ಅಂತ ಒಂದು ತಿಂಡಿ ಇಲ್ಲ."

ಇವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ತಾಯಿಯ ಕೈಯಡುಗೆ ತಿಂದೇ ಬೆಳೆದ ಗಂಡಸಿಗೆ ಒಂದು ತಿಂಡಿಯ ಹೆಸರು ಬಾಯಿಗೆ ಬರುತ್ತಿಲ್ಲ.

ಮಾಮಿ ಎದ್ದು ಅಡುಗೆಮನೆಯ ಕಡೆ ನಡೆದರು. "ಯೋಚನೆ ಮಾಡಿ ಹೇಳು ಮಗಾ. ನನಗೇನೂ ಅವಸರ ಇಲ್ಲ."